ಷರಾ ಕಾಲಂ

ನಮ್ಮ ಹೈಸ್ಕೂಲಿಗೆ ನೂರು ವರ್ಷ ತುಂಬಿದೆ. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡಿದ್ದೇವೆ. ಒಂದು ಸ್ಮರಣ ಸಂಚಿಕೆ ತರೋಣ ಅಂತ ಮೊದಲ ಸಭೆಯಲ್ಲೇ ತೀರ್ಮಾನವಾಯಿತು. ‘ಶಾಲೆ ನಡೆದು ಬಂದ ದಾರಿ’ ಅಂತ ನಾಲ್ಕು ಪುಟ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬೇಕಾದ ಸಾಮಗ್ರಿಯನ್ನೂ ಅವರೇ ಕೊಟ್ಟರು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿರುವ ಹೆಸರಿನ ಹಲಗೆಯ ಫೋಟೊ, ರ್‍ಯಾಂಕ್ ಬಂದವರ ಪಟ್ಟಿ, ಕಟ್ಟಡಕ್ಕೆ ಹಣ ಕೊಟ್ಟವರ ಪಟ್ಟಿ, ಡಾಕ್ಟರು, ಎಂಜಿನಿಯರು, ಅಧಿಕಾರಿಗಳಾದವರ ಪಟ್ಟಿ. ಎರಡು ದಿನದಲ್ಲಿ ಬರೆದು ಮುಗಿಸಿದೆ. ಮೂರನೇ ದಿನ ಬೆಳಗ್ಗೆ ಓದಿ ನೋಡಿದೆ. ತಪ್ಪೇನೂ ಕಾಣಲಿಲ್ಲ. ಆದರೆ ನಾನು ಓದಿದ ಸ್ಕೂಲು ಅದರಲ್ಲಿ ಇರಲಿಲ್ಲ.

ಯಾಕೆ ಹಾಗನಿಸಿತು ಅಂತ ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ನಮ್ಮ ಎಸ್ಸೆಸ್ಸೆಲ್ಸಿ ಗ್ರೂಪ್ ಫೋಟೊ ನನ್ನ ಮೇಜಿನ ಎದುರಿಗೇ ಇದೆ. ಸಂಚಿಕೆಯಲ್ಲಿ ಹಾಕೋಣ ಅಂತ ತೆಗೆದಿಟ್ಟಿದ್ದೆ. ಒಂದು ಸಂಜೆ ಸುಮ್ನೆ ತಲೆ ಎಣಿಸಿದೆ. ಮೇಷ್ಟ್ರುಗಳನ್ನು ಬಿಟ್ಟು ನಲವತ್ತೊಂದು ಜನ. ಎಂಟನೇ ಕ್ಲಾಸಿಗೆ ಸೇರಿದಾಗ ನಾವು ಅರವತ್ತರ ಮೇಲಿದ್ದೆವು. ಬೆಂಚು ಸಾಲದೆ ಒಂದಷ್ಟು ಜನ ಕಿಟಕಿ ಪಕ್ಕ ನೆಲದ ಮೇಲೆ ಕೂರುತ್ತಿದ್ದರು, ಅದು ನನಗೆ ಚೆನ್ನಾಗಿ ನೆನಪಿದೆ. ಮಿಕ್ಕವರು ಎಲ್ಲಿ ಹೋದರು? ಒಬ್ಬೊಬ್ಬರನ್ನೇ ನೆನಪು ಮಾಡಿಕೊಳ್ಳಲು ಹೊರಟರೆ ಏಳೆಂಟು ಹೆಸರು ಬಂದು ಅಲ್ಲಿಗೆ ನಿಂತುಬಿಟ್ಟಿತು. ಒಂದೇ ಹಾಜರಿ ಪುಸ್ತಕದಲ್ಲಿ ಇದ್ದವರ ಹೆಸರು ಮರೆತಿದ್ದೆ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಬೀರುವಿನ ಕೆಳಗಿನ ಖಾನೆ

ಮಾರನೇ ವಾರ ಶಾಲೆಯ ಆಫೀಸಿಗೆ ಹೋದೆ. ಅಲ್ಲಿ ಎಫ್‌ಡಿಎ ಆಗಿರುವ ಮೇಡಂ ನಮ್ಮ ಊರಿನವರಲ್ಲ, ಆದರೆ ಆ ಬೀರುವಿನಲ್ಲಿ ಯಾವ ಖಾನೆಯಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ದಾಖಲಾತಿ ರಿಜಿಸ್ಟರ್ ಬೇಕಿತ್ತು ಅಂದೆ. ‘ಯಾವ ವರ್ಷದ್ದು ಸರ್?’ ಅಂದರು. ಎಲ್ಲ ವರ್ಷದ್ದೂ ಅಂದೆ. ಅವರು ಕುರ್ಚಿಯಿಂದ ಎದ್ದು ಕೆಳಗಿನ ಖಾನೆ ತೆಗೆದು ಕೆಂಪು ಬಟ್ಟೆಯಲ್ಲಿ ಕಟ್ಟಿದ್ದ ಗಂಟುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಮೇಲಿನ ಗಂಟಿನ ಬಟ್ಟೆ ಮಾಸಿತ್ತು, ಆದರೆ ಧೂಳಿರಲಿಲ್ಲ. ಯಾರೂ ಮುಟ್ಟದ ಕಡತಗಳಾಗಿದ್ದರೆ ಧೂಳು ಹಿಡಿದಿರಬೇಕಿತ್ತು ಅಲ್ವಾ? ಯಾಕೆ ಹೀಗೆ ಅನ್ನೋದು ಅರ್ಧ ಗಂಟೆಯಲ್ಲೇ ತಿಳಿಯಿತು.

ವಯಸ್ಸಾದ ಒಬ್ಬರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಚಿಟ್ಟ ಕಾಗದಗಳು. ‘ತಾಯಿ, ನಾನು ಇಲ್ಲೇ ಓದಿದ್ದೆ. ಹುಟ್ಟಿದ ತಾರೀಖಿಗೆ ಒಂದು ಸರ್ಟಿಫಿಕೇಟ್ ಬೇಕಿತ್ತು’ ಅಂದರು. ಮೇಡಂ ಕೂರಿಸಿ, ಸೇರಿದ ವರ್ಷ ಕೇಳಿದರು. ಅವರಿಗೆ ವರ್ಷ ಗೊತ್ತಿರಲಿಲ್ಲ. ‘ಕೆರೆ ಕೋಡಿ ಬಿದ್ದ ವರ್ಷ’ ಅಂದರು. ಮೇಡಂ ನಗಲಿಲ್ಲ. ‘ಯಜಮಾನ್ರೇ, ನಿಮ್ಮ ಜತೆ ಓದಿದೋರು ಯಾರಾದ್ರೂ ನೆನಪಿದ್ದಾರಾ?’ ಅಂತ ಕೇಳಿದರು. ಅವರು ಹೇಳಿದ ಒಂದು ಹೆಸರನ್ನು ಹಿಡಿದು, ಎರಡು ರಿಜಿಸ್ಟರ್ ತಿರುವಿ, ಇಪ್ಪತ್ತು ನಿಮಿಷದಲ್ಲಿ ಅವರ ಸಾಲು ಹುಡುಕಿಬಿಟ್ಟರು. ಹುಟ್ಟಿದ ದಿನಾಂಕ ಜೂನ್ 1. ಆ ಪುಟದಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರು ಜೂನ್ 1ಕ್ಕೆ ಹುಟ್ಟಿದವರು! ಅವರೆಲ್ಲ ಶಾಲೆ ಬಾಗಿಲಲ್ಲೇ ಹುಟ್ಟಿದವರ ಹಾಗೆ. ತಾರೀಖು ಬರೆದಿಡುವ ಅಭ್ಯಾಸ ಇಲ್ಲದ ಮನೆಗಳಿಂದ ಬಂದ ಮಕ್ಕಳಿಗೆ ಪ್ರೈಮರಿ ಮೇಷ್ಟ್ರೇ ಒಂದು ಹುಟ್ಟುಹಬ್ಬ ಕೊಟ್ಟಿದ್ದರು. ಐವತ್ತು ವರ್ಷ ಆದ ಮೇಲೂ ಆ ಮನುಷ್ಯನಿಗೆ ಸರ್ಕಾರದ ಮುಂದೆ ಇರುವ ಒಂದೇ ಸಾಕ್ಷಿ ಆ ಮೇಷ್ಟ್ರ ಅಂದಾಜು.

ಅವರು ಹೋದ ಮೇಲೆ ನಾನು ಆ ಪುಟವನ್ನು ಪೂರ್ತಿ ಓದಿದೆ. ದಾಖಲಾತಿ ನಂಬರ್, ಹೆಸರು, ತಂದೆ ಹೆಸರು, ಜಾತಿ, ಹುಟ್ಟಿದ ದಿನಾಂಕ ಅಂಕಿಯಲ್ಲಿ ಒಂದು ಸಲ, ಅಕ್ಷರದಲ್ಲಿ ಒಂದು ಸಲ. ಆಮೇಲೆ ಹಿಂದಿನ ಶಾಲೆ, ಸೇರಿದ ತರಗತಿ, ಬಿಟ್ಟ ದಿನಾಂಕ, ಟಿ.ಸಿ. ನಂಬರ್. ಎಲ್ಲಕ್ಕಿಂತ ಕೊನೆಗೆ ಒಂದು ಸಣ್ಣ ಕಾಲಂ: ಷರಾ, ಅಂದರೆ ಟಿಪ್ಪಣಿ. ಒಂದಂಗುಲ ಅಗಲ ಇದ್ದರೆ ಹೆಚ್ಚು. ಆ ಒಂದಂಗುಲದಲ್ಲಿ ‘ಉತ್ತೀರ್ಣ’ ಅಂತ ಇರುವುದು ಕೆಲವೇ ಸಾಲುಗಳಲ್ಲಿ. ಮಿಕ್ಕ ಸಾಲುಗಳಲ್ಲಿ ‘ಊರು ಬಿಟ್ಟರು’, ‘ತಂದೆ ಮರಣ’, ‘ಬಡತನ’. ಎಲ್ಲಕ್ಕಿಂತ ಜಾಸ್ತಿ ಸಲ ಬರುವುದು ‘ಸತತ ಗೈರುಹಾಜರಿ, ಹೆಸರು ತೆಗೆದಿದೆ’. ಇಂಥ ಸಾಲುಗಳಲ್ಲಿ ಟಿ.ಸಿ. ಕಾಲಂ ಖಾಲಿ. ಬಿಟ್ಟು ಹೋದ ಹುಡುಗ ಟಿ.ಸಿ. ಕೇಳಲು ಬರಲೇ ಇಲ್ಲ. ಲೆಕ್ಕದ ಪ್ರಕಾರ ಅವನು ಇನ್ನೂ ಶಾಲೆಯಿಂದ ಹೊರಗೆ ಹೋಗಿಲ್ಲ.

ನಾನು ಬರೆದ ನಾಲ್ಕು ಪುಟ ಗೋಡೆ ಮೇಲಿನ ಹಲಗೆಯ ಇತಿಹಾಸ. ಈ ಕಾಲಂನ ಇತಿಹಾಸವನ್ನು ಯಾರೂ ನನ್ನಿಂದ ಕೇಳಿರಲಿಲ್ಲ.

ರಾತ್ರಿ ಊಟ ಎಲ್ಲಿ?

ಹಲಗೆಯ ಮೇಲಿರುವವರಿಗೆ ನಾನು ಕೃತಜ್ಞ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಗವಾಗಿ ಬಂದು, ಬಾಡಿಗೆ ಮನೆ ಹಿಡಿದು, ಮೂರು ವರ್ಷಕ್ಕೆ ಮತ್ತೆ ಟ್ರಂಕು ಕಟ್ಟಿಕೊಂಡು ಹೊರಟ ಹೆಡ್‌ಮಾಸ್ಟರುಗಳು ಅವರು. ಆರ್.ಕೆ. ನಾರಾಯಣ್ ಅವರ ತಂದೆ ಇಂಥದೇ ಸರ್ಕಾರಿ ಹೆಡ್‌ಮಾಸ್ಟರು. ಚನ್ನಪಟ್ಟಣ, ಹಾಸನ ಅಂತ ಸುತ್ತಿ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಹೈಸ್ಕೂಲಿಗೆ ಬಂದವರು. ಶಾಲೆಯ ಲೈಬ್ರರಿ ಮಗನಿಗೆ ಸಿಕ್ಕಿತು. ನಮ್ಮಂಥ ಊರಿನ ಹೈಸ್ಕೂಲುಗಳಿಗೂ ಪುಸ್ತಕ ಓದುವ ಹೆಡ್‌ಮಾಸ್ಟರುಗಳು ಬಂದರು, ಬೀಗ ತೆಗೆದು ಪುಸ್ತಕ ಕೊಟ್ಟರು. ಅದೆಲ್ಲ ನಿಜ.

ಆದರೆ ಹೈಸ್ಕೂಲಿನ ಬಾಗಿಲವರೆಗೆ ಬರುವುದೇ ಒಂದು ದೊಡ್ಡ ದಾರಿ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಕಲಿಸುವ ಉಚಿತ ಶಾಲೆ ತೆರೆದರು. ಮಹಾರಾಜ ಕಾಲೇಜು ಬೆಳೆದದ್ದು ಅದರಿಂದ. ಬೆಂಗಳೂರಿನಲ್ಲಿ 1858ರಲ್ಲಿ ಶುರುವಾದ ಸರ್ಕಾರಿ ಹೈಸ್ಕೂಲು 1875ರಲ್ಲಿ ಸೆಂಟ್ರಲ್ ಕಾಲೇಜಾಯಿತು. ಆ ಹೈಸ್ಕೂಲು ಶುರುವಾಗುವ ಹಿಂದಿನ ವರ್ಷ, 1857ರಲ್ಲಿ, ಮದ್ರಾಸು, ಮುಂಬಯಿ, ಕಲ್ಕತ್ತಾ ವಿಶ್ವವಿದ್ಯಾಲಯಗಳು ಹುಟ್ಟಿದ್ದವು. ಅಲ್ಲಿಂದ ಮುಂದೆ ಹೈಸ್ಕೂಲು ಅಂದರೆ ಮೆಟ್ರಿಕ್ಯುಲೇಷನ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಜಾಗ ಅಂತ ಆಯಿತು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ. ಅಲ್ಲಿಯವರೆಗೆ ನಮ್ಮ ಹುಡುಗರು ಮದ್ರಾಸಿನ ಪರೀಕ್ಷೆಗೇ ಕೂರುತ್ತಿದ್ದರು. ಮೆಟ್ರಿಕ್ ಆದರೆ ಗುಮಾಸ್ತೆ ಕೆಲಸ, ಶಾಲೆ ಮೇಷ್ಟ್ರ ಕೆಲಸ, ಅದೃಷ್ಟ ಇದ್ದರೆ ಅಮಲ್ದಾರಿಕೆವರೆಗೂ ದಾರಿ. ಒಂದು ಇಡೀ ಮನೆತನದ ಬದುಕು ತಿರುಗುತ್ತಿದ್ದದ್ದು ಆ ಒಂದು ಪರೀಕ್ಷೆಯ ಮೇಲೆ.

ತಾಲ್ಲೂಕಿನಲ್ಲಿ ಬಹಳ ಅಂದರೆ ಒಂದು ಎ.ವಿ. ಸ್ಕೂಲು, ಅಂದರೆ ಇಂಗ್ಲಿಷೂ ಕನ್ನಡವೂ ಕಲಿಸುವ ಆಂಗ್ಲೋ ವರ್ನಾಕ್ಯುಲರ್ ಶಾಲೆ. ಲೋಯರ್ ಸೆಕೆಂಡರಿ ಆದ ಮೇಲೆ ಜಿಲ್ಲೆಯ ಪೇಟೆಗೆ ಹೋಗಬೇಕು. ಹೋದ ಹುಡುಗ ರಾತ್ರಿ ಊಟ ಎಲ್ಲಿ ಮಾಡಬೇಕು? ಇತಿಹಾಸದ ಪುಸ್ತಕಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಕಾಣುವುದಿಲ್ಲ. ನನಗಂತೂ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಅನಿಸುತ್ತದೆ. ಬ್ರಾಹ್ಮಣರ ಬಡ ಹುಡುಗನಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅದು ಸುಖದ ಊಟ ಅಂತ ನಾನು ಹೇಳುತ್ತಿಲ್ಲ, ಯಾರದೋ ಮನೆಯ ಜಗಲಿಯಲ್ಲಿ ಕಾದು ಕೂತು ಉಂಡವರ ಕಷ್ಟ ಉಂಡವರಿಗೇ ಗೊತ್ತು. ಆದರೂ ಏಳು ಮನೆಯ ಬಾಗಿಲು ತೆರೆದಿತ್ತು. ಒಕ್ಕಲಿಗರ, ಕುರುಬರ, ಬೇಡರ ಹುಡುಗನಿಗೆ ಪೇಟೆಯಲ್ಲಿ ಅಂಥ ಏಳು ಮನೆ ಇರಲಿಲ್ಲ. ಹೊಲೆಯ, ಮಾದಿಗರ ಹುಡುಗನಿಗೆ ಒಂದೂ ಇರಲಿಲ್ಲ.

ಹಾಗಾಗಿಯೇ ಹಾಸ್ಟೆಲುಗಳು ಹುಟ್ಟಿದವು. 1906ರಲ್ಲಿ ಒಕ್ಕಲಿಗರ ಸಂಘ ಶುರುವಾದಾಗ, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ಶುರುವಾದಾಗ, ಹಳ್ಳಿಯಿಂದ ಬರುವ ಹುಡುಗ ಓದಬೇಕು ಅನ್ನೋದೇ ಹಿಂದಿದ್ದ ಆಸೆ. ಸಿದ್ಧಗಂಗೆಯಂಥ ಮಠಗಳಲ್ಲಿ ದಾಸೋಹದ ಒಲೆ ಆರಲಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡುವ ಮಾತಿನ ಜತೆಗೆ ವಿದ್ಯಾರ್ಥಿವೇತನ, ಹಾಸ್ಟೆಲಿನ ಮಾತನ್ನೂ ಆಡಿತು. ಬಹಳ ವರ್ಷದ ಮೇಲೆ, ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಹಾಸ್ಟೆಲುಗಳು ತಾಲ್ಲೂಕು ಊರುಗಳಲ್ಲೂ ಜಾಸ್ತಿಯಾದವು. ನಮ್ಮ ಶಾಲೆಯ ರಿಜಿಸ್ಟರಿನಲ್ಲಿ ಇದು ಕಣ್ಣಿಗೆ ಹೊಡೆದ ಹಾಗೆ ಕಾಣುತ್ತದೆ. ಮೊದಲ ಪುಸ್ತಕದಲ್ಲಿ ಜಾತಿ ಕಾಲಂನಲ್ಲಿ ಮೂರು ನಾಲ್ಕು ಹೆಸರೇ ಮತ್ತೆ ಮತ್ತೆ ಬರುತ್ತವೆ. ಊರಲ್ಲಿ ಹಾಸ್ಟೆಲು ಬಂದ ಮೇಲಿನ ಪುಸ್ತಕಗಳಲ್ಲಿ ಆ ಕಾಲಂ ತುಂಬಿ ಬೇರೆ ಬೇರೆ ಹೆಸರು ಬರುತ್ತವೆ. ಶಾಲೆಯ ಕಟ್ಟಡ ಅದೇ, ಮೇಷ್ಟ್ರುಗಳು ಅವರೇ, ಪಾಠವೂ ಅದೇ. ಬದಲಾದದ್ದು ರಾತ್ರಿ ಊಟ.

ಧಾರವಾಡದ ಅರ್ಜಿ

ಊಟಕ್ಕಿಂತ ಮೊದಲಿನ ಪ್ರಶ್ನೆಯೂ ಒಂದಿತ್ತು: ಒಳಗೆ ಬಿಡುತ್ತಾರಾ ಅನ್ನೋದು. ಈ ರಿಜಿಸ್ಟರ್ ಓದುತ್ತಿದ್ದ ದಿನಗಳಲ್ಲೇ ನಾನು ಅಂಬೇಡ್ಕರ್ 1928ರಲ್ಲಿ ಸೈಮನ್ ಕಮಿಷನ್ ಮುಂದೆ ಇಟ್ಟ, ಮುಂಬಯಿ ಪ್ರಾಂತ್ಯದ ದಲಿತರ ಶಿಕ್ಷಣದ ಬಗೆಗಿನ ಹೇಳಿಕೆಯನ್ನೂ ಓದುತ್ತಿದ್ದೆ. ಅದರಲ್ಲಿ ನಮ್ಮ ಧಾರವಾಡ ಬರುತ್ತದೆ. ಓದಿದ ಮೇಲೆ ಆ ಪುಟವನ್ನು ತಿರುವಿ ಮುಂದೆ ಹೋಗಲು ನನ್ನಿಂದ ಆಗಲಿಲ್ಲ.

1856ರ ಜೂನ್ ತಿಂಗಳು. ಮಹಾರ ಜಾತಿಯ ಒಬ್ಬ ಹುಡುಗನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು ಅಂತ ಅರ್ಜಿ ಹೋಯಿತು. ಅದಕ್ಕೆ ಎರಡು ವರ್ಷದ ಹಿಂದೆ, 1854ರಲ್ಲಿ, ಲಂಡನ್ನಿನಿಂದ ಭಾರತದ ಆಡಳಿತದ ಮೇಲ್ವಿಚಾರಣೆ ನೋಡುತ್ತಿದ್ದ ಚಾರ್ಲ್ಸ್ ವುಡ್ ಕಳಿಸಿದ ಪತ್ರದಲ್ಲಿ ಓದು ಸಾಮಾನ್ಯ ಜನರಿಗೂ ತಲುಪಬೇಕು ಅಂತ ಬರೆದಿತ್ತು. ಸರ್ಕಾರದ ಹಣದಲ್ಲಿ ನಡೆಯುವ ಶಾಲೆ. ಸರ್ಕಾರದ್ದೇ ಮಾತು. ಆ ಮಾತನ್ನು ನಂಬಿ ಒಬ್ಬ ಹುಡುಗ ಬಾಗಿಲಿಗೆ ಬಂದ. ವಿಷಯ ಮುಂಬಯಿ ಸರ್ಕಾರದವರೆಗೂ ಹೋಯಿತು. ಜುಲೈ 21ಕ್ಕೆ ತೀರ್ಮಾನ ಬಂತು. ಅದರ ಒಳಗಿನ ಮಾತು ಇಷ್ಟು: ನ್ಯಾಯ ಈ ಹುಡುಗನ ಕಡೆಗೇ ಇದೆ, ಅದರಲ್ಲಿ ಸಂಶಯವಿಲ್ಲ. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ನಂಬಿಕೆಗಳ ಮೇಲೆ ಒಮ್ಮೆಲೇ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತದೆ. ಈ ತೊಂದರೆಯನ್ನು ಹುಟ್ಟಿಸಿದ್ದು ನಾವಲ್ಲ, ಆದ್ದರಿಂದ ಅದನ್ನು ಏಕಾಏಕಿ ತೆಗೆದುಹಾಕುವುದೂ ನಮ್ಮ ಕೈಲಿಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಮೊದಲನೇ ವಾಕ್ಯ. ನ್ಯಾಯ ನಿನ್ನ ಕಡೆಗಿದೆ ಅಂತ ಬರೆದು, ಸಹಿ ಹಾಕಿ, ಬಾಗಿಲು ಮುಚ್ಚಿದರಲ್ಲ. ನಿನಗೆ ಹಕ್ಕೇ ಇಲ್ಲ ಅಂದಿದ್ದರೆ ಅದರ ವಿರುದ್ಧ ವಾದ ಮಾಡಬಹುದಿತ್ತು. ಒಪ್ಪಿಕೊಂಡು ಹೊರಗೆ ನಿಲ್ಲಿಸಿದವರ ಜತೆ ಹುಡುಗ ಏನಂತ ವಾದ ಮಾಡುತ್ತಾನೆ?

ಅಲ್ಲಿಗೆ ಮುಗಿಯಲಿಲ್ಲ. 1857ರ ಜನವರಿಯಲ್ಲಿ ಕಲ್ಕತ್ತಾದಿಂದ ಭಾರತ ಸರ್ಕಾರದ ಪತ್ರ ಬಂತು. ಮುಂಬಯಿಯವರು ಜಾಣತನದಿಂದಲೇ ನಡೆದುಕೊಂಡಿರಬಹುದು ಅನ್ನುತ್ತಲೇ, ಬಂಗಾಳ ಪ್ರಾಂತ್ಯದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನಿಗೆ ಇಲ್ಲ ಅನ್ನುತ್ತಿರಲಿಲ್ಲ ಅಂತ ಅದರಲ್ಲಿ ಬರೆದಿತ್ತು. ಆಮೇಲೆ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು 1858ರ ಏಪ್ರಿಲಿನಲ್ಲಿ ಬರೆದರು: ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಆ ತತ್ವವನ್ನು ಬಿಡಲು ಸಾಧ್ಯವಿಲ್ಲ. ಸರ್ಕಾರಿ ಶಾಲೆ ಅಂದರೆ ಏನು ಅಂತ ಅಷ್ಟು ಸ್ಪಷ್ಟವಾಗಿ ಹೇಳಿಸಿದ್ದು ಧಾರವಾಡದ ಆ ಅರ್ಜಿ. ಆ ಹೊತ್ತಿಗೆ ಹುಡುಗ ಅರ್ಜಿ ಹಾಕಿ ಸುಮಾರು ಎರಡು ವರ್ಷ. ಹುಡುಗರ ಲೆಕ್ಕದಲ್ಲಿ ಎರಡು ವರ್ಷ ಅಂದರೆ ಎರಡು ಕ್ಲಾಸು. ಮುಂಬಯಿಯ ತೀರ್ಮಾನದ ಸಾಲುಗಳಲ್ಲಿ ಅವನು ಬರೀ ‘ಮಹಾರ ಅರ್ಜಿದಾರ’, ಹೆಸರಿಲ್ಲ.

1882ರಲ್ಲಿ ಶಿಕ್ಷಣದ ಬಗ್ಗೆ ನೇಮಕವಾದ ಹಂಟರ್ ಆಯೋಗ ಮತ್ತೆ ಅದೇ ತತ್ವವನ್ನು ಹೇಳಿತು, ಹೇಳುತ್ತಲೇ ಎಚ್ಚರಿಕೆಯಿಂದ ಹೆಜ್ಜೆ ಇಡಿ ಅಂತಲೂ ಸೇರಿಸಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ಬೇರೆ ಶಾಲೆಯನ್ನೇ ತೆರೆಯಬೇಕಾಯಿತು. ಮೈಸೂರು ಸಂಸ್ಥಾನದಲ್ಲೂ ಅವರಿಗೆ ಪಂಚಮ ಶಾಲೆ ಅಂತಲೇ ಪ್ರತ್ಯೇಕವಾಗಿ ಇದ್ದವು. ನಾಲ್ವಡಿಯವರ ಕಾಲದಲ್ಲಿ, 1910ರ ದಶಕದಲ್ಲಿ, ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ ಆದೇಶವಾಯಿತು. ವಿರೋಧವೂ ಬಂತು. ಆದೇಶ ಹೊರಡುವುದಕ್ಕೂ ಮಗು ಒಳಗೆ ಬಂದು ಬೆಂಚಿನ ಮೇಲೆ ಕೂರುವುದಕ್ಕೂ ನಡುವೆ ಎಷ್ಟು ವರ್ಷ ಹಿಡಿಯಿತು ಅನ್ನೋದನ್ನು ಆಯಾ ಊರಿನ ರಿಜಿಸ್ಟರೇ ಹೇಳಬೇಕು. ನಮ್ಮ ಶಾಲೆಯಲ್ಲಿ ಜಾತಿ ಕಾಲಂನಲ್ಲಿ ‘ಆದಿ ಕರ್ನಾಟಕ’ ಅಂತ, ಅಂದರೆ ದಲಿತ ಹುಡುಗನ ಹೆಸರು, ಮೊದಲ ಸಲ ಬರುವುದು ಎರಡನೇ ಪುಸ್ತಕದ ನಡುವಿನಲ್ಲಿ. ಒಂದೇ ಒಂದು ಹೆಸರು. ಹಿಂದಿನ ಪುಟ, ಮುಂದಿನ ಪುಟ ಎರಡರಲ್ಲೂ ಇನ್ನೊಬ್ಬರಿಲ್ಲ. ಷರಾದಲ್ಲಿ ‘ಸತತ ಗೈರುಹಾಜರಿ’. ಅವನು ಯಾಕೆ ಬರಲಿಲ್ಲ, ಕೂತ ಜಾಗ ಯಾವುದು, ನೀರು ಕುಡಿದದ್ದು ಎಲ್ಲಿ, ಅದನ್ನೆಲ್ಲ ಬರೆಯಲು ಒಂದಂಗುಲ ಸಾಲುವುದಿಲ್ಲ.

ನಮ್ಮ ಸಂಚಿಕೆಯ ಇತಿಹಾಸ ಶುರುವಾಗಬೇಕಾದದ್ದು ಆ ಹೆಸರಿಂದ. ನಾನು ಹಾಗಂತ ಸಮಿತಿಯ ಮುಂದೆ ಹೇಳಿದೆ. ಎಲ್ಲರೂ ಒಪ್ಪಲಿಲ್ಲ. ಶತಮಾನೋತ್ಸವದ ಹೊತ್ತಿನಲ್ಲಿ ಇದೆಲ್ಲ ಯಾಕೆ ಅಂತ ಕೇಳಿದವರು ಕೆಟ್ಟವರಲ್ಲ, ಶಾಲೆಯ ಮೇಲೆ ನನ್ನಷ್ಟೇ ಪ್ರೀತಿ ಇರುವವರು. ಆದರೂ ನಾನು ಬಿಡಲಿಲ್ಲ. ಕೊನೆಗೆ ನನಗೆ ಇನ್ನೆರಡು ಪುಟ ಜಾಸ್ತಿ ಸಿಕ್ಕಿತು.

‘ಬಾಲಕರ’ ಅನ್ನೋ ಪದ

ನಮ್ಮ ಶಾಲೆಯ ಗೇಟಿನ ಮೇಲೆ ಈಗಲೂ ‘ಬಾಲಕರ’ ಅಂತಲೇ ಇದೆ. ಹಳೆಯ ರಬ್ಬರ್ ಮೊಹರಿನಲ್ಲಿ ಆ ಪದ ಇಲ್ಲ. ಬರೀ ‘ಹೈಸ್ಕೂಲ್’. ಹೈಸ್ಕೂಲು ಅಂದಮೇಲೆ ಹುಡುಗರದ್ದೇ ಅಂತ ಎಲ್ಲರಿಗೂ ಗೊತ್ತಿದ್ದ ಕಾಲದಲ್ಲಿ ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಹುಡುಗಿಯರಿಗೆ ಶಾಲೆ ಶುರು ಮಾಡಿದಾಗ, ಹುಡುಗರ ಶಾಲೆ ಶುರುವಾಗಿ ಹತ್ತಿರ ಹತ್ತಿರ ಐವತ್ತು ವರ್ಷ ಆಗಿತ್ತು. ನಮ್ಮ ಊರಲ್ಲಿ ಹುಡುಗಿಯರಿಗೆ ಬೇರೆ ಹೈಸ್ಕೂಲು ಆದ ದಿನ ನಮ್ಮದು ಬಾಲಕರ ಶಾಲೆಯಾಯಿತು. ಹುಡುಗಿಯರು ಬಂದ ಮೇಲೆಯೇ ಹುಡುಗರಿಗೆ ತಾವು ಹುಡುಗರು ಅಂತ ಬೋರ್ಡು ಹಾಕಿಕೊಳ್ಳಬೇಕಾಯಿತು.

ಇನ್ನೂ ಒಂದು ವಿಷಯ ರಿಜಿಸ್ಟರಿನಲ್ಲಿ ಸಿಕ್ಕಿತು. ಬೇರೆ ಶಾಲೆ ಆಗುವ ಮೊದಲೇ ನಮ್ಮ ಹೈಸ್ಕೂಲಿಗೆ ಹುಡುಗಿಯರು ಸೇರಿದ್ದರು. ಒಂದು ವರ್ಷ ಇಬ್ಬರು, ಇನ್ನೊಂದು ವರ್ಷ ಒಬ್ಬಳೇ. ಐವತ್ತು ಹುಡುಗರ ಮಧ್ಯೆ ಒಬ್ಬಳೇ ಕೂತು ಮೂರು ವರ್ಷ ಓದಿ ಷರಾದಲ್ಲಿ ‘ಉತ್ತೀರ್ಣ’ ಅಂತ ಬರೆಸಿಕೊಂಡು ಹೋಗಿದ್ದಾಳೆ. ಸಮಿತಿ ಕೊಟ್ಟ ಯಾವ ಪಟ್ಟಿಯಲ್ಲೂ ಅವಳಿರಲಿಲ್ಲ. ನಾನು ಸೇರಿಸಿದ್ದೇನೆ. ಈಗ ಗೇಟಿನ ಬೋರ್ಡು ಏನೇ ಹೇಳಲಿ, ಬೆಳಗ್ಗೆ ಪ್ರಾರ್ಥನೆಗೆ ನಿಂತ ಸಾಲುಗಳಲ್ಲಿ ಅರ್ಧ ಹುಡುಗಿಯರು. 2006ರಿಂದ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡುತ್ತಿದ್ದ ವರ್ಷಗಳಲ್ಲಿ ಹಳ್ಳಿ ಕಡೆಯ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತು ನೋಡಬೇಕಿತ್ತು. ಅಷ್ಟು ಸೈಕಲ್ಲುಗಳು ಒಟ್ಟಿಗೆ ಬರುವುದನ್ನು ನೋಡಿದರೆ ನನಗೆ ಗಂಟಲು ಕಟ್ಟುತ್ತಿತ್ತು. ಯಾಕೆ ಅಂದರೆ ನನಗೆ ಆ ರಸ್ತೆಯಲ್ಲಿ ನಡೆದು ಬರುತ್ತಿದ್ದ ಒಬ್ಬ ಗೊತ್ತು.

ಅವನ ಸಾಲು

ಅವನು ಮೂರನೇ ಬೆಂಚಿನಲ್ಲಿ ನನ್ನ ಎಡಕ್ಕೆ ಕೂರುತ್ತಿದ್ದ. ಆರು ಕಿಲೋಮೀಟರ್ ನಡೆದು ಬರಬೇಕು, ಮತ್ತೆ ಆರು ನಡೆದು ಹೋಗಬೇಕು. ಮಳೆಗಾಲದಲ್ಲಿ ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತರುತ್ತಿದ್ದ. ಮಧ್ಯಾಹ್ನ ನಾವು ಬುತ್ತಿ ಬಿಚ್ಚುವಾಗ ಎದ್ದು ನಲ್ಲಿ ಕಡೆ ಹೋಗುತ್ತಿದ್ದ. ಬಿಸಿಯೂಟ ಹೈಸ್ಕೂಲಿಗೆ ಬರಲು ಇನ್ನೂ ಎಷ್ಟೋ ವರ್ಷ ಇತ್ತು. ಅವನು ಎಲ್ಲಿಗೆ ಹೋಗುತ್ತಾನೆ ಅಂತ ನಾನು ಕೇಳಲಿಲ್ಲ. ಕೇಳಬೇಕು ಅಂತ ಹೊಳೆಯಲೂ ಇಲ್ಲ.

ಒಂದು ದಿನ ಸಮಾಜದ ಮೇಷ್ಟ್ರು ಕಾವೇರಿ ಪಾಠ ಮಾಡುತ್ತಿದ್ದರು. ಬೋರ್ಡಿನ ಮೇಲೆ ನದಿ ಬರೆಯಲು ಯಾರು ಬರುತ್ತೀರಿ ಅಂದರು. ಮುಂದಿನ ಬೆಂಚಿನವರು ಅಟ್ಲಾಸ್ ತೆಗೆದರು. ಇವನು ಎದ್ದು ಹೋಗಿ ಸೀಮೆಸುಣ್ಣ ತೆಗೆದುಕೊಂಡ. ಬೋರ್ಡಿನ ಎಡಗಡೆ ಮೇಲ್ಗಡೆ ಒಂದು ಚುಕ್ಕೆ ಇಟ್ಟ, ತಲಕಾವೇರಿ. ಅಲ್ಲಿಂದ ಕೈ ಎತ್ತದೆ ಎಳೆದುಕೊಂಡು ಬಂದ. ಕನ್ನಂಬಾಡಿ ಹತ್ತಿರ ಗೆರೆ ದಪ್ಪ ಮಾಡಿದ, ಅಲ್ಲಿ ನೀರು ನಿಲ್ಲುತ್ತದಲ್ಲ. ಶ್ರೀರಂಗಪಟ್ಟಣದಲ್ಲಿ ಗೆರೆ ಎರಡಾಗಿ ಊರನ್ನು ಸುತ್ತಿ ಮತ್ತೆ ಕೂಡಿತು. ಶಿವನಸಮುದ್ರದಲ್ಲಿ ಇನ್ನೊಂದು ಸಲ ಎರಡಾಯಿತು. ಅಲ್ಲಿ ಒಂದು ಕ್ಷಣ ನಿಂತು, ಸೀಮೆಸುಣ್ಣವನ್ನು ಅಡ್ಡ ಹಿಡಿದು ಸಣ್ಣ ಸಣ್ಣ ಗೀಟು ಎಳೆದ. ‘ಅದೇನೋ?’ ಅಂದರು ಮೇಷ್ಟ್ರು. ‘ನೀರು ಬೀಳ್ತದೆ ಸಾರ್’ ಅಂದ. ಮೇಷ್ಟ್ರು ಆ ಪಿರಿಯಡ್ ಮುಗಿದ ಮೇಲೂ ಬೋರ್ಡ್ ಒರೆಸಲು ಬಿಡಲಿಲ್ಲ. ಮಾರನೇ ದಿನ ಗಣಿತದ ಮೇಷ್ಟ್ರು ಬಂದು ಒರೆಸುವವರೆಗೂ ಕಾವೇರಿ ಅಲ್ಲೇ ಇತ್ತು.

ಒಂಬತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅವನು ಇಂಗ್ಲಿಷ್, ಗಣಿತ ಎರಡರಲ್ಲೂ ಕಮ್ಮಿ ತೆಗೆದ. ಆ ಕಾಲದಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟಿನ ಪರ್ಸೆಂಟೇಜೇ ಶಾಲೆಯ ಮಾನ. ಪಾಸಾಗುವ ಭರವಸೆ ಇಲ್ಲದವರನ್ನು ಒಂಬತ್ತರಲ್ಲೇ ನಿಲ್ಲಿಸುತ್ತಿದ್ದರು. ನಾನು ಸೀಮೆಸುಣ್ಣದ ಡಬ್ಬ ತರಲು ಆಫೀಸಿಗೆ ಹೋಗಿದ್ದೆ. ಹೆಡ್‌ಮಾಸ್ಟರ ಕೊಠಡಿಯ ಹೊರಗೆ ಒಂದು ಜೊತೆ ಹಳೆಯ ಚಪ್ಪಲಿ ಬಿಟ್ಟಿತ್ತು. ಒಳಗೆ ಅವನ ಅಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ನಿಂತಿದ್ದರು. ಇನ್ನೊಂದು ವರ್ಷ ಒಂಬತ್ತರಲ್ಲೇ ಕೂರಲಿ, ಗಟ್ಟಿಯಾಗಲಿ ಅಂತ ಹೆಡ್‌ಮಾಸ್ಟರು ಸಮಾಧಾನವಾಗಿಯೇ ಹೇಳುತ್ತಿದ್ದರು. ‘ಇನ್ನೊಂದು ವರ್ಷ ಆಗಕ್ಕಿಲ್ಲ ಸ್ವಾಮಿ’ ಅಂದರು ಅಪ್ಪ. ಅಷ್ಟೇ. ಟವೆಲು ಮತ್ತೆ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅವನು ಬೇವಿನ ಮರದ ಕೆಳಗೆ ನಿಂತಿದ್ದ. ನನ್ನ ಕಡೆ ನೋಡಿದ. ನಾನು ಡಬ್ಬ ಹಿಡಿದುಕೊಂಡು ಕ್ಲಾಸಿಗೆ ಹೋದೆ.

ರಿಜಿಸ್ಟರಿನಲ್ಲಿ ಅವನ ಸಾಲು ಹುಡುಕಲು ಕಷ್ಟವಾಗಲಿಲ್ಲ. ನನ್ನ ನಂಬರಿನಿಂದ ನಾಲ್ಕು ಸಾಲು ಕೆಳಗೆ ಅವನಿದ್ದ. ಹುಟ್ಟಿದ್ದು ಜೂನ್ 1. ಷರಾದಲ್ಲಿ ‘ಸತತ ಗೈರುಹಾಜರಿ,’ ಅಲ್ಪವಿರಾಮ, ‘ಹೆಸರು ತೆಗೆದಿದೆ.’ ನಾನು ಕಣ್ಣಾರೆ ಕಂಡದ್ದು ಅದಲ್ಲ. ಅವನು ಗೈರಾಗಿರಲಿಲ್ಲ. ಆ ದಿನ ಮರದ ಕೆಳಗೆ ಹಾಜರಿದ್ದ. ಹಾಗಾದರೆ ಅದೇ ಮಾತು ಬರೆದಿರುವ ಮಿಕ್ಕ ನೂರಾರು ಸಾಲುಗಳ ಹಿಂದೆ ಏನೇನಿದೆಯೋ ಅಂತ ಯೋಚಿಸುತ್ತಾ ಮೇಡಂ ಮುಂದೆ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅವರು ನನಗೆ ಒಂದು ಲೋಟ ನೀರು ತಂದುಕೊಟ್ಟರು.

ಸಮಿತಿಯ ಮುಂದಿನ ಸಭೆಯಲ್ಲಿ ಆಮಂತ್ರಣದ ಮಾತು ಬಂತು. ಹಳೆಯ ವಿದ್ಯಾರ್ಥಿ ಅಂದರೆ ಯಾರು? ರಿಸಲ್ಟ್ ಶೀಟಿನಿಂದ ಪಟ್ಟಿ ತಯಾರಾಗಿತ್ತು, ಅಂದರೆ ಪಾಸಾದವರು. ದಾಖಲಾತಿ ನಂಬರ್ ಇರುವ ಎಲ್ಲರನ್ನೂ ಕರೆಯೋಣ ಅಂತ ನಾನು ಕೇಳಿಕೊಂಡೆ. ವಿಳಾಸ ಸಿಗಲ್ಲ, ಖರ್ಚು ಜಾಸ್ತಿ ಆಗುತ್ತೆ ಅಂತ ಚರ್ಚೆಯಾಯಿತು. ಮೇಡಂ ಅಲ್ಲೇ ಇದ್ದರು. ‘ಹಿಂದಿನ ಶಾಲೆ ಅನ್ನೋ ಕಾಲಂನಲ್ಲಿ ಊರಿನ ಹೆಸರಿದೆ ಸರ್, ಊರಿಗೊಬ್ಬರು ಹೊತ್ತುಕೊಂಡರೆ ಹುಡುಕಬಹುದು’ ಅಂದರು. ಆಮೇಲೆ ಯಾರೂ ಬೇಡ ಅನ್ನಲಿಲ್ಲ. ಹಳ್ಳಿಗಳನ್ನು ಹಂಚಿಕೊಂಡೆವು. ಅವನ ಊರನ್ನು ನಾನು ತೆಗೆದುಕೊಂಡೆ.

ಅವನು ಲಾರಿ ಕ್ಲೀನರಾಗಿ, ಡ್ರೈವರಾಗಿ, ಈಗ ಊರಿನ ರಸ್ತೆ ಪಕ್ಕ ಟ್ರ್ಯಾಕ್ಟರ್ ಗ್ಯಾರೇಜು ಇಟ್ಟುಕೊಂಡಿದ್ದಾನೆ. ನಂಬರ್ ಸಿಕ್ಕಿದ ದಿನವೇ ಫೋನ್ ಮಾಡಿದೆ. ನನ್ನ ಹೆಸರು ಹೇಳಿದ ಕೂಡಲೇ ಗುರುತು ಹಿಡಿದ. ಶತಮಾನೋತ್ಸವದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

‘ನಾನು ಎಸ್ಸೆಸ್ಸೆಲ್ಸಿ ಕಟ್ಟಲೇ ಇಲ್ವಲ್ಲೋ. ನಮ್ಮಂಥೋರ್ನ ಹಳೇ ಸ್ಟೂಡೆಂಟು ಅಂತಾರಾ?’

‘ನೀನು ಟಿ.ಸಿ. ತಗೊಂಡೇ ಇಲ್ಲ ಕಣೋ. ನಿನ್ನ ಹೆಸರು ಇನ್ನೂ ಅಲ್ಲೇ ಇದೆ. ನಂಬರ್ ಸಮೇತ ನೋಡಿಕೊಂಡು ಬಂದಿದೀನಿ.’

‘ನಂಬರ್ ಎಷ್ಟು?’

ಹೇಳಿದೆ. ಆ ಕಡೆ ಒಂದು ಟ್ರ್ಯಾಕ್ಟರಿನ ಎಂಜಿನ್ ಓಡುತ್ತಿತ್ತು. ‘ಲೇ, ಅದನ್ನ ಆಫ್ ಮಾಡು, ಒಂದು ಪೆನ್ನು ತಾ’ ಅಂತ ಯಾರಿಗೋ ಕೂಗಿದ. ಎಂಜಿನ್ ನಿಂತಿತು. ‘ಈಗ ಹೇಳು’ ಅಂದ. ‘ನಿಧಾನಕ್ಕೆ ಹೇಳು, ಬರ್ಕೋತೀನಿ.’